ಕೆರೆ ತಿಳಿಯಾದ ವರ್ಷ

ಗೌರವ್ವನ ಕೆರೆ ತಿಳಿಯಾಗಿದೆ ಎಂಬ ಸುದ್ದಿ ಹಬ್ಬಿದಾಗ ಅಂಚಿನಾಳದ ಅರ್ಧ ಜನ ಅದನ್ನು ನಂಬಲಿಲ್ಲ. ಹುಟ್ಟಿದಾಗಿನಿಂದ ಅವರು ಆ ಕೆರೆಯನ್ನು ಕಂಡದ್ದೇ ಬಣ್ಣದಲ್ಲಿ. ಸೀರೆಯ ನೂಲಿಗೆ ಬಣ್ಣ ಹಾಕುವ ಮನೆಗಳು ಮೇಲಿನ ಓಣಿಯಲ್ಲಿ ಸಾಲಾಗಿದ್ದವು. ಅವುಗಳ ಗಟಾರ ಬಂದು ಬೀಳುವುದು ಕೆರೆಗೇ. ಲಗ್ನದ ಹಂಗಾಮು ಬಂತೆಂದರೆ ನೀರು ಕುಂಕುಮ ಕದಡಿದಂತೆ ಕೆಂಪಾಗುತ್ತಿತ್ತು, ಆಮೇಲೆ ನೇರಳೆಗೆ ತಿರುಗುತ್ತಿತ್ತು. ಅಂಥ ಕೆರೆಯಲ್ಲಿ ಈಗ ಮೊಣಕಾಲುದ್ದ ನೀರಿಗಿಳಿದ ಹೆಂಗಸರಿಗೆ ತಮ್ಮ ಕಾಲುಂಗುರ ಕಾಣುತ್ತಿತ್ತು. ನೋಡಲೆಂದೇ ಪಕ್ಕದ ಹಳ್ಳಿಗಳಿಂದ ಟಂಟಂ ಗಾಡಿ ಮಾಡಿಕೊಂಡು ಜನ ಬಂದರು.

ಈ ಕೀರ್ತಿಯೆಲ್ಲ ಮಹಾರುದ್ರಪ್ಪ ಬಣ್ಣದ ಅವರ ಪಾಲಿಗೆ ಬಂತು. ಅವರು ಬಣ್ಣದ ಮನೆಗಳ ಸಂಘದ ಅಧ್ಯಕ್ಷರು. ಹಿಂದಿನ ವರ್ಷ ಎಲ್ಲರ ಬೆನ್ನು ಹತ್ತಿ, ಗಟಾರದ ಬಾಯಿಗೆ ಮರಳು ಮತ್ತು ಇದ್ದಿಲಿನ ಸೋಸುಗಟ್ಟೆ ಕಟ್ಟಿಸಿದ್ದರು. ಪುರಸಭೆಯವರು ಹಾರ ಹಾಕಿದರು. ಕೆರೆಯ ನೀರನ್ನೇ ಊರಿನ ನಲ್ಲಿಗಳಿಗೆ ಜೋಡಿಸುವುದೆಂದೂ, ಸಂಕ್ರಾಂತಿಗೆ ಮಂತ್ರಿಗಳ ಕೈಯಿಂದ ಉದ್ಘಾಟನೆಯೆಂದೂ ತೀರ್ಮಾನವಾಯಿತು. ಕೊಳವೆಗಳೂ ಬಂದು ಬಿದ್ದವು. ಬೇಕಾಗಿದ್ದದ್ದು ನೀರು ಕುಡಿಯಲು ಯೋಗ್ಯವೆಂಬ ಒಂದೇ ಒಂದು ರುಜು. ಅದನ್ನು ಹಾಕಬೇಕಾದವಳು ಮಹಾರುದ್ರಪ್ಪನವರ ತಂಗಿ ಕುಮುದಾ.

ಕುಮುದಾ ರಸಾಯನಶಾಸ್ತ್ರಜ್ಞೆ, ಊರ ಹೊರಗಿನ ಮಾಲಿನ್ಯ ಅಧ್ಯಯನ ಕೇಂದ್ರದ ಮುಖ್ಯಸ್ಥೆ. ಹಳೆಯ ಅರಳೆ ಗೋದಾಮೊಂದನ್ನು ರಿಪೇರಿ ಮಾಡಿ ಆ ಕೇಂದ್ರ ಮಾಡಿದ್ದರು. ಆ ಗೋದಾಮಿನೊಳಗೆ ಇನ್ನೊಂದು ಗೌರವ್ವನ ಕೆರೆ ಇತ್ತು.

ಅದನ್ನು ಅವರು ನೆರಳು ಕೆರೆ ಎಂದು ಕರೆಯುತ್ತಿದ್ದರು. ಕಬ್ಬಿಣದ ಚೌಕಟ್ಟಿನಲ್ಲಿ ಕೆರೆಯ ಆಕಾರಕ್ಕೇ ಜೋಡಿಸಿದ ನೂರಾರು ಗಾಜಿನ ಗೂಡುಗಳು. ಪ್ರತಿ ಗೂಡಿನಲ್ಲೂ ಕೆರೆಯ ಆಯಾ ಜಾಗದ ಮಣ್ಣು, ಆಯಾ ಜಾಗದ ನೀರು. ಗೂಡಿನಿಂದ ಗೂಡಿಗೆ ಕೂದಲೆಳೆಯಷ್ಟು ಸಣ್ಣ ನಾಳಗಳು. ನಿಜವಾದ ಕೆರೆಯಲ್ಲಿ ತೇಲುವ ಮಾಪಕಗಳು ಬಿಸಿಲು, ಗಾಳಿ, ಒಳಹರಿವುಗಳ ಸುದ್ದಿಯನ್ನು ಕಳಿಸುತ್ತಿದ್ದವು, ಗೋದಾಮಿನ ದೀಪಗಳೂ ಪಂಪುಗಳೂ ಅದನ್ನೇ ಗೂಡುಗಳಿಗೆ ಉಣಿಸುತ್ತಿದ್ದವು. ಒಂದೇ ವ್ಯತ್ಯಾಸವೆಂದರೆ ಕಾಲ. ಹಗಲು ರಾತ್ರಿಗಳನ್ನು ಕುಗ್ಗಿಸಿ, ಕಾವು ಕೊಟ್ಟು, ಕೆರೆಯಲ್ಲಿ ಒಂದು ಹಂಗಾಮು ಹಿಡಿಯುವ ಬದಲಾವಣೆಯನ್ನು ನೆರಳು ಕೆರೆಯಲ್ಲಿ ಒಂದು ವಾರಕ್ಕೆ ತರಬಹುದಾಗಿತ್ತು. ಕೆರೆ ನಾಳೆ ಏನಾಗುವುದೆಂದು ಇಂದೇ ನೋಡುವ ಯಂತ್ರ ಅದು.

ಆದರೆ ಕೆರೆ ತಿಳಿಯಾಗುತ್ತದೆಂದು ನೆರಳು ಕೆರೆ ಹೇಳಿರಲಿಲ್ಲ. ಹೊರಗೆ ಕಾಲುಂಗುರ ಕಾಣುತ್ತಿದ್ದಾಗಲೂ ಗೋದಾಮಿನ ಗೂಡುಗಳಲ್ಲಿ ನೀರು ಕೆಂಪಗೇ ಇತ್ತು. ಸೋಸುಗಟ್ಟೆಯ ಲೆಕ್ಕವನ್ನು ಸೇರಿಸಿದ ಮೇಲೂ ಕೆಂಪು ಒಂದಿಷ್ಟು ತೆಳುವಾಯಿತೇ ಹೊರತು ಹೋಗಲಿಲ್ಲ.

"ಯಂತ್ರ ತಪ್ಪಿರಬೇಕು" ಎಂದರು ಪುರಸಭೆಯ ಎಂಜಿನಿಯರು.

ಕುಮುದಾ ಕೆರೆಯ ನೀರು ತಂದು ತಾನೇ ಪರೀಕ್ಷಿಸಿದಳು. ಬಣ್ಣ ಇಲ್ಲ. ಸೀಸವಿಲ್ಲ, ಕ್ರೋಮಿಯಂ ಇಲ್ಲ. ಪರೀಕ್ಷಿಸಬೇಕೆಂದು ನಿಯಮ ಹೇಳುವ ಪ್ರತಿಯೊಂದೂ ಮಿತಿಯೊಳಗೇ ಇತ್ತು. ಆ ಅಂಕಿಗಳು ಪುರಸಭೆಗೂ ಹೋದವು. ಆದರೂ ಅವಳ ಕೈ ರುಜುವಿಗೆ ಮುಂದೆ ಬರಲಿಲ್ಲ. ಇಷ್ಟು ವರ್ಷ ಸುರಿದ ಬಣ್ಣ ಹೋಯಿತಾದರೂ ಎಲ್ಲಿಗೆ?

ಆ ಭಾನುವಾರ ಅವಳು ಅಣ್ಣನ ಮನೆಗೆ ಊಟಕ್ಕೆ ಹೋದಳು. ಅತ್ತಿಗೆ ದಾಕ್ಷಾಯಣಿ ಬಿಸಿ ರೊಟ್ಟಿ ಬಡಿಯುತ್ತ ಸಂಭ್ರಮದಿಂದ ಮಾತಾಡುತ್ತಿದ್ದಳು.

"ನಸುಕಿನ್ಯಾಗ ಕೆರಿಯ ಪಡುವಣ ಪಾವಟಿಗಿ ಇಳದು ಎರಡು ಕೊಡ ತರ್ತೀನಿ ನೋಡ ಕುಮುದಾ. ಬ್ಯಾಳಿ ಎಷ್ಟ ಚಂದ ಬೇಯ್ತಾವ! ಬೋರಿನ ಉಪ್ಪನೀರಿನ್ಯಾಗ ಇಡೀ ಜಲ್ಮ ಕಳದ್ವಿ."

"ಕೆರಿ ನೀರು ಕುಡ್ಯಾಕತ್ತೀರೇನ ವೈನಿ? ಇನ್ನೂ ನಾ ಕುಡೀಬಹುದು ಅಂತ ಹೇಳಿಲ್ಲಲ್ಲ."

"ಕಣ್ಣಿಗೆ ಕಾಣತೈತಲ್ಲವಾ, ಕನ್ನಡಿಯಂಗ. ಹೇಳೂದು ಏನೈತಿ ಇನ್ನ?"

ಮಹಾರುದ್ರಪ್ಪ ನಕ್ಕರು. "ನಿನ್ನ ಕಾಗದ ಬರೂತನಕ ಊರು ನೀರಡಿಸಿ ಕುಂದರತೈತೇನು?"

ಊಟವಾದ ಮೇಲೆ ದಾಕ್ಷಾಯಣಿ ಮಾಳಿಗೆಯ ಮೇಲಿನ ಸಂಡಿಗೆ ತೆಗೆಯಲು ಮೆಟ್ಟಿಲು ಹತ್ತಿದಳು. ಅರ್ಧಕ್ಕೇ ನಿಂತು ಗೋಡೆ ಹಿಡಿದು ಏದುಸಿರು ಬಿಟ್ಟಳು. ಹಿಂದೆಯೇ ಬಂದ ಕುಮುದಾ ಅವಳ ಮುಖ ನೋಡಿದಳು. ತುಟಿಗಳು ಬೂದಿ ಬಡಿದಂತೆ ನೀಲಿಯಾಗಿದ್ದವು. ಉಗುರುಗಳೂ ಹಾಗೆಯೇ.

"ವೈನಿ, ನಿಮ್ಮ ತುಟಿ ಯಾಕ ಹಿಂಗ ಆಗ್ಯಾವ?"

"ಬಣ್ಣದವ್ರ ಮನ್ಯಾಗ ಬಣ್ಣ ಹತ್ತಲಾರದ ಇರತೈತೇನ?" ಎಂದು ದಾಕ್ಷಾಯಣಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೂಲಿನ ಲಡ್ಡಿ ತೊಳದಿದ್ದೆ, ಅದ ಇರಬೇಕು."

ಬಣ್ಣ ತೊಳೆದ ಕೈ ಹೇಗಿರುತ್ತದೆಂದು ಅದೇ ಮನೆಯಲ್ಲಿ ಬೆಳೆದ ಕುಮುದಾಳಿಗೆ ಗೊತ್ತಿತ್ತು. ಈ ನೀಲಿ ಚರ್ಮದ ಮೇಲಿನದಲ್ಲ. ಅವಳು ಅಲ್ಲಿಂದ ನೇರವಾಗಿ ಡಾಕ್ಟರ್ ಇಮಾಮ್‌ಹುಸೇನ್ ನದಾಫರ ದವಾಖಾನೆಗೆ ನಡೆದಳು. ನದಾಫರು ಊರಿನ ಹಳೆಯ ವೈದ್ಯರು, ಕೇಂದ್ರಕ್ಕೂ ಸಲಹೆಗಾರರು. ಆದರೆ ಸಲಹೆ ಕೇಳಿ ಯಾರೂ ಅವರ ಹತ್ತಿರ ಹೋಗಿರಲಿಲ್ಲ.

"ನೀಲಿ ತುಟಿಯವ್ರು ಈಗೀಗ ಭಾಳ ಬರಾಕತ್ತಾರ್ರಿ" ಎಂದರು ಅವರು. "ಎಲ್ಲಾರೂ ಹೆಣ್ಮಕ್ಕಳು. ರಕ್ತ ಕಡಿಮಿ ಅಂತ ತಿಳದು ಕಬ್ಬಿಣದ ಗುಳಿಗಿ ಕೊಟ್ಟೆ. ಗುಣ ಕಾಣಲಿಲ್ಲ. ಮೊನ್ನೆ ಒಬ್ಬಾಕಿ ರಕ್ತ ತೆಗದು ನೋಡಿದ್ರ ಚಾಕಲೇಟ ಬಣ್ಣ ಇತ್ತು. ಗಾಳಿಗೆ ಹಿಡದ್ರೂ ಕೆಂಪಾಗವಲ್ದು. ಹಿಮೋಗ್ಲೋಬಿನ್ನಿಗೆ ಏನೋ ಬಡದೈತಿ, ಆಮ್ಲಜನಕ ಹೊರೂ ಶಕ್ತಿನ ಹೋಗೈತಿ."

"ನೀರಿನ ಮ್ಯಾಲ ಸಂಶಯ ಬರಲಿಲ್ಲೇನ್ರಿ ಡಾಕ್ಟರ?"

ನದಾಫರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ನೀರು ಚಲೋ ಐತಿ ಅಂತ ನಿಮ್ಮ ಕೇಂದ್ರದವ್ರ ಪುರಸಭೆಗೆ ಹೇಳ್ಯಾರಲ್ಲವಾ."

ಮರುದಿನ ಬೆಳಿಗ್ಗೆ ಕುಮುದಾ ಕೇಂದ್ರದಲ್ಲಿ ನಾಲ್ವರೂ ಒಂದೇ ಮೇಜಿಗೆ ಕೂರುವಂತೆ ಮಾಡಿದಳು. ತಾನು, ನದಾಫರು, ಸೂಕ್ಷ್ಮಜೀವಿಗಳನ್ನು ಓದಿದ ಉಡುಪಿ ಕಡೆಯ ರೇಮಂಡ್ ಸಿಕ್ವೇರಾ, ಮತ್ತು ಊರಿನ ಓಣಿ ಓಣಿ ತಿರುಗಿ ಜನಜೀವನದ ಅಧ್ಯಯನ ಮಾಡುವ ರೇಣುಕಾ ಚಲವಾದಿ. ಕೇಂದ್ರದಲ್ಲಿ ಇವರೆಲ್ಲರಿಗೂ ಬೇರೆ ಬೇರೆ ಕೋಣೆಗಳಿದ್ದವು, ವರದಿಗಳೂ ಬೇರೆ ಬೇರೆಯಾಗಿ ಹೋಗುತ್ತಿದ್ದವು. ಹೀಗೆ ಒಟ್ಟಿಗೆ ಕೂತದ್ದು ಅದೇ ಮೊದಲು.

ಎಲ್ಲವನ್ನೂ ಕೇಳಿದ ಸಿಕ್ವೇರಾ ನೆರಳು ಕೆರೆಯ ಕಡೆ ಕೈ ತೋರಿಸಿದರು. "ನಾನು ಮೊದಲೇ ಹೇಳಿದ್ದೆ ಮೇಡಂ. ಈ ಗೂಡುಗಳ ಮಣ್ಣನ್ನು ನೀವು ಬೇಯಿಸಿ ಹಾಕಿಸಿದ್ದೀರಿ. ಸತ್ತ ಮಣ್ಣು ಏನು ಮಾಡ್ತದೆ? ಕೆರೆಯ ತಳದ ಕೆಸರಲ್ಲಿ ಕೋಟಿಗಟ್ಟಲೆ ಜೀವ ಉಂಟು ಮಾರಾಯ್ರೆ."

"ಜೀವ ಇದ್ರ ಅಳತಿ ಕೆಡತೈತಿ ಅಂತ ಹಂಗ ಮಾಡಿದ್ದು."

"ಅಳತೆ ಸರಿ ಬಂತು, ಕೆರೆ ತಪ್ಪಿ ಹೋಯ್ತು."

ಕುಮುದಾಳಿಗೆ ಮಾತು ತಾಗಿತು. ಆದರೆ ವಾದಕ್ಕೆ ನಿಲ್ಲಲಿಲ್ಲ. ಅಂದೇ ಗೂಡುಗಳನ್ನು ಬರಿದು ಮಾಡಿಸಿ, ಕೆರೆಯ ತಳದಿಂದ ಹಸಿ ಕೆಸರು ತೆಗೆಸಿ ತುಂಬಿಸಿದಳು. ದೀಪಗಳು ಬೇಗ ಬೇಗ ಹಗಲು ರಾತ್ರಿ ಮಾಡತೊಡಗಿದವು. ಎರಡು ದಿನ ಕಳೆದರೂ ನೀರು ಕೆಂಪಗೇ ಇತ್ತು. ಸಿಕ್ವೇರಾ ತಲೆ ಕೆರೆದುಕೊಂಡು ಕೂತರು.

"ಅವಕ್ಕೆ ಊಟ ಸಾಲ್ತಿಲ್ಲ" ಎಂದರು ಕೊನೆಗೆ. "ಬರೇ ಬಣ್ಣ ತಿಂದು ಅವು ಬದುಕೋದಿಲ್ಲ. ಸಕ್ಕರೆಯೋ ಗಂಜಿಯೋ ಎಲ್ಲಿಂದಾದರೂ ಬರ್ತಿರಬೇಕು."

ರೇಣುಕಾ ತಟ್ಟನೆ ತಲೆಯೆತ್ತಿದಳು. "ಗಿರಣಿ ನೀರು! ಗೋವಿನಜೋಳದ ಪಿಷ್ಟದ ಗಿರಣಿ ಐತಲ್ರಿ, ಹಳ್ಳದ ಆಕಡೆ. ಹ್ವಾದ ಮಳಿಗಾಲದಾಗ ಹಳ್ಳ ಒಡದು ಅದರ ನೀರು ಕೆರಿಗೆ ತಿರಿಗೈತಿ. ಅದು ಬಂದಾಗಿಂದ ಮೀನು ಸತ್ತು ತೇಲತಾವ ಅಂತ ಅಂಬಿಗರ ಓಣ್ಯಾಗ ಹೇಳತಿದ್ರು. ನಾ ಬರದುಕೊಟ್ಟೀನಿ, ಯಾರೂ ಓದಿಲ್ಲ."

ಹಳ್ಳದಿಂದ ಬಂದದ್ದನ್ನು ಮಾಪಕಗಳು ಈವರೆಗೆ ಮಳೆನೀರೆಂದೇ ಎಣಿಸಿದ್ದವು. ಗಿರಣಿಯ ನೀರು ತಂದು ಉಣಿಸಿದರು. ಮೂರನೆಯ ದಿನ ಕುಮುದಾ ಬಾಗಿಲು ತೆಗೆದು ಒಳಗೆ ಬಂದಾಗ ನೆರಳು ಕೆರೆ ತಳದವರೆಗೆ ತಿಳಿಯಾಗಿತ್ತು. ಇಡೀ ಗೋದಾಮಿನಲ್ಲಿ ಗಾಜು ಫಳಫಳ ಹೊಳೆಯುತ್ತಿತ್ತು.

ಈ ಸಲ ಅವಳು ಪರೀಕ್ಷೆಯ ಯಂತ್ರಕ್ಕೆ ಬಣ್ಣ ಹುಡುಕಲು ಹೇಳಲಿಲ್ಲ. ಬಣ್ಣದ ತುಂಡುಗಳನ್ನು ಹುಡುಕಲು ಹೇಳಿದಳು. ಪರದೆಯ ಮೇಲೆ ಒಂದರ ಪಕ್ಕ ಒಂದು ಮೊನೆಗಳು ಎದ್ದವು. ಗಿರಣಿಯ ಸಿಹಿ ನೀರು ತಿಂದು ಕೊಬ್ಬಿದ ಜೀವಾಣುಗಳು ತಳದ ಗಾಳಿಯನ್ನೆಲ್ಲ ಮುಗಿಸಿದ್ದವು. ಗಾಳಿ ಇಲ್ಲದಾದಾಗ ಅದರ ಬದಲು ಬಣ್ಣದ ಅಣುಗಳನ್ನು ನಡುವೆ ಕತ್ತರಿಸಿ ಉಸಿರಾಡಿದ್ದವು. ಕತ್ತರಿಸಿದ ಅಣುವಿಗೆ ಬಣ್ಣವಿಲ್ಲ. ಉಳಿದದ್ದು ಅಮೈನ್ ಎಂಬ ಜಾತಿಯ ವಿಷ. ಅದು ರಕ್ತ ಸೇರಿದರೆ ಹಿಮೋಗ್ಲೋಬಿನ್ನನ್ನು ಕೆಡಿಸುತ್ತದೆ, ವರ್ಷಗಟ್ಟಲೆ ಸೇರಿದರೆ ಮೂತ್ರಕೋಶಕ್ಕೆ ಕ್ಯಾನ್ಸರ್ ಹತ್ತುತ್ತದೆ. ಬಣ್ಣದ ಮನೆಗಳಷ್ಟೇ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಗಿರಣಿಯೊಂದೇ ಇದ್ದಿದ್ದರೂ ಆಗುತ್ತಿರಲಿಲ್ಲ.

"ಹಂಗಾರ ಹೆಣ್ಮಕ್ಕಳಿಗೇ ಯಾಕ?" ಎಂದು ನದಾಫರು ಕೇಳಿದರು.

ರೇಣುಕಾಳಿಗೆ ಅದು ಕಷ್ಟದ ಪ್ರಶ್ನೆಯಾಗಿರಲಿಲ್ಲ. ಕೆರೆಗಿಳಿಯುವ ಮೂಡಣ ಪಾವಟಿಗೆಯ ಮೆಟ್ಟಿಲಲ್ಲಿ ಹಗಲು ಹೊತ್ತು ದನಕ್ಕೆ, ಬಟ್ಟೆಗೆ ನೀರು. ಕುಡಿಯುವ ನೀರು ತುಂಬುವುದು ಪಡುವಣ ಪಾವಟಿಗೆಯಲ್ಲಿ, ತೂಬಿನ ಆಳದ ಹತ್ತಿರ, ಅದೂ ನಸುಕಿನಲ್ಲಿ. ರಾತ್ರಿಯ ಥಂಡಿಗೆ ಮೇಲಿನ ನೀರು ಕೆಳಗಿಳಿದು, ತಳದ್ದು ಮೇಲೆ ಬರುವ ಹೊತ್ತು ಅದು. ತುಂಬಿದವಳು ದಣಿವಾರಿಸಿಕೊಳ್ಳಲು ಅಲ್ಲೇ ಬೊಗಸೆ ತುಂಬ ಕುಡಿಯುತ್ತಾಳೆ. ಗಂಡಸರು ಏಳುವ ಹೊತ್ತಿಗೆ ಕೊಡದ ನೀರು ಒಲೆಯ ಮೇಲೆ ಕುದ್ದಿರುತ್ತದೆ. ಕುದಿಸಿದರೆ ವಿಷ ಪೂರ್ತಿ ಹೋಗುವುದಿಲ್ಲ. ಆದರೂ ಹಸಿಯಾಗಿ ಕುಡಿದವರಿಗೆ ಹೆಚ್ಚು. ನದಾಫರು ತಮ್ಮ ರೋಗಿಗಳ ಹೆಸರು ಹೇಳುತ್ತ ಹೋದರು. ರೇಣುಕಾ ಒಬ್ಬೊಬ್ಬರಿಗೂ "ಹೌದ್ರಿ, ಪಡುವಣದ ಪಾವಟಿಗಿ" ಎನ್ನುತ್ತ ಬಂದಳು.

ಕುಮುದಾ ಸಂಜೆ ಅಣ್ಣನಿಗೆ ಎಲ್ಲ ಹೇಳಿದಳು. ಮಹಾರುದ್ರಪ್ಪ ಕೇಳುತ್ತ ಕೇಳುತ್ತ ಎದ್ದು ನಿಂತರು.

"ಅಂದ್ರ ನನ್ನ ಸೋಸುಗಟ್ಟಿ ಏನೂ ಮಾಡಿಲ್ಲ ಅಂತಿ."

"ಸ್ವಲ್ಪ ಮಾಡೈತಣ್ಣ. ಕೆರಿ ತಿಳಿಯಾಗಿದ್ದು ಅದರಿಂದ ಅಲ್ಲ."

"ಸಂಘದ ಎಂಟು ಮಂದಿ ಹಿರಿಯರ ಮುಂದ ನಾ ಏನಂತ ಹೇಳಲಿ? ನಮ್ಮ ಬಣ್ಣ ವಿಷ ಅಂತ ಕೋರ್ಟಿಗೆ ಹೋಗ್ತಾರ, ಬಣ್ಣದ ಮನಿ ಮುಚ್ಚಸ್ತಾರ. ಗಿರಣಿಯವ್ರು ಕೈ ತೊಳಕೊಂಡು ಕುಂದರ್ತಾರ. ಒಡಹುಟ್ಟಿದಾಕಿ ಆಗಿ ನಮ್ಮ ಹೊಟ್ಟಿ ಮ್ಯಾಲ ಕಾಲಿಡ್ತೀಯೇನ?"

"ಗಿರಣಿಯವ್ರನ್ನೂ ಬಿಡೂದಿಲ್ಲಣ್ಣ. ಆದ್ರ ಇವತ್ತಿನಿಂದ ವೈನಿ ಆ ನೀರು ಮುಟ್ಟಬಾರ್ದು."

"ನಿನ್ನ ಗಾಜಿನ ಡಬ್ಬಿ ಹೇಳ್ತಂತ ನಾ ಕೆರಿ ಬಿಡಬೇಕು!" ಮಹಾರುದ್ರಪ್ಪ ಬಾಗಿಲ ಕಡೆ ಕೈ ಮಾಡಿದರು. "ಹೋಗವಾ, ರುಜು ಹಾಕೂದಿದ್ರ ಬಾ. ಇಲ್ಲಂದ್ರ ಬ್ಯಾಡ."

ಕುಮುದಾ ಹೊರಟಳು. ದಾಕ್ಷಾಯಣಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಗಂಡನ ಮುಖ ನೋಡಿ ಒಳಗೆ ಹೋದಳು.

ಕುಮುದಾ ಪುರಸಭೆಗೆ ರುಜು ಇಲ್ಲವೆಂದು ತಿಳಿಸಿ, ಪಡುವಣ ಪಾವಟಿಗೆಗೆ ಅಡ್ಡಲಾಗಿ ಮುಳ್ಳು ಹಚ್ಚಿಸಿದಳು. ಮರುದಿನ ನೋಡಿದರೆ ಮುಳ್ಳು ಪಕ್ಕಕ್ಕೆ ಸರಿದಿತ್ತು. ಮತ್ತೆ ಹಚ್ಚಿಸಿದಳು. ಅದನ್ನೂ ಸರಿಸಿದರು. ಆ ಶುಕ್ರವಾರ ನಸುಕಿನಲ್ಲಿ ನೀರಿಗೆ ಹೋದ ದಾಕ್ಷಾಯಣಿ ತುಂಬಿದ ಕೊಡದ ಸಮೇತ ಪಾವಟಿಗೆಯ ಮೇಲೆ ಬಿದ್ದಳು.

ಕುಮುದಾ ದವಾಖಾನೆಗೆ ಓಡಿ ಬಂದಾಗ ಮಹಾರುದ್ರಪ್ಪ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಿದ್ದರು. ದಾಕ್ಷಾಯಣಿಯ ಮುಖ ಸೀಸದ ಬಣ್ಣಕ್ಕೆ ತಿರುಗಿತ್ತು. ಮೂಗಿಗೆ ಆಮ್ಲಜನಕ ಹಚ್ಚಿದ್ದರೂ ತುಟಿ ನೀಲಿಯಾಗಿಯೇ ಇತ್ತು. ನದಾಫರು ಒಂದು ಸಿರಿಂಜು ತೆಗೆದರು. ಅದರೊಳಗಿನ ದ್ರವ ಕಡುನೀಲಿ, ನವಿಲಿನ ಕೊರಳಿನಂಥ ನೀಲಿ.

ಮಹಾರುದ್ರಪ್ಪ ತಟಕ್ಕನೆ ಎದ್ದು ಡಾಕ್ಟರ ಕೈ ಹಿಡಿದರು. ಬಣ್ಣ ಕಂಡರೆ ಅವರಿಗೆ ಗುರುತು ಹತ್ತದೆ ಇರುತ್ತದೆಯೇ? "ಏನ್ರೀ ಇದು? ಇದು ಬಣ್ಣ ಅಲ್ಲೇನ್ರಿ?"

"ಹೌದ್ರಿ ಬಣ್ಣದ ಅವ್ರ, ಬಣ್ಣನ. ಮಿಥಿಲೀನ್ ನೀಲಿ. ಕೆಟ್ಟ ಹಿಮೋಗ್ಲೋಬಿನ್ನನ್ನ ಇದು ತಿರುಗಿ ಸರಿ ಮಾಡತೈತಿ. ಕೈ ಬಿಡ್ರಿ, ಹೊತ್ತಿಲ್ಲ."

"ವಿಷಾನೂ ಬಣ್ಣದಿಂದ, ಔಷಧಾನೂ ಬಣ್ಣದಿಂದಾನ?"

"ಎಲ್ಲಿ, ಯಾವುದರ ಜೋಡಿ, ಎಷ್ಟು ಸೇರತೈತಿ ಅನ್ನೂದರ ಮ್ಯಾಲ ಐತ್ರಿ."

ಮಹಾರುದ್ರಪ್ಪ ಕೈ ಬಿಟ್ಟರು. ಡಾಕ್ಟರು ಆ ನೀಲಿಯನ್ನು ನಿಧಾನವಾಗಿ ದಾಕ್ಷಾಯಣಿಯ ನರಕ್ಕೆ ಇಳಿಸಿದರು. ಅಣ್ಣ ತಂಗಿ ಇಬ್ಬರೂ ಕಣ್ಣು ಪಿಳುಕಿಸದೆ ಅವಳ ತುಟಿಯನ್ನೇ ನೋಡುತ್ತ ನಿಂತರು. ಹೊರಗೆ ಹಾಲಿನವನ ಸೈಕಲ್ಲಿನ ಗಂಟೆ ಕೇಳಿಸಿತು, ಬಿಸಿಲು ಕಿಟಕಿಯಿಂದ ಮಂಚಕ್ಕೆ ಬಂತು. ತುಟಿಯ ಅಂಚಿನಲ್ಲಿ ಮೊದಲು ಒಂದು ನಸುಗೆಂಪು ಎಳೆ ಮೂಡಿತು. ಆಮೇಲೆ ಅದು ಹರಡಿತು. ದಾಕ್ಷಾಯಣಿ ಕಣ್ಣು ತೆರೆದು ಗಂಡನನ್ನು ನೋಡಿ, "ಕೊಡ ಒಡೀತೇನು?" ಎಂದಳು.

ಮಹಾರುದ್ರಪ್ಪ ಮಕ್ಕಳಂತೆ ಅತ್ತುಬಿಟ್ಟರು.

"ನಾಳೆ ಮೂತ್ರ ನೀಲಿ ಹೋಗತೈತ್ರಿ ತಂಗಿ, ಗಾಬರಿ ಆಗಬ್ಯಾಡ್ರಿ" ಎಂದು ನದಾಫರು ಹೇಳಿದಾಗ ದಾಕ್ಷಾಯಣಿಗೆ ಆ ಸ್ಥಿತಿಯಲ್ಲೂ ನಗು ಬಂತು.

ಮುಂದಿನ ವಾರ ಉಪವಿಭಾಗಾಧಿಕಾರಿಗಳ ಮುಂದೆ ವಿಚಾರಣೆ ನಡೆಯಿತು. ಗಿರಣಿಯ ವಕೀಲರು ತಮ್ಮ ನೀರಿನಲ್ಲಿ ಜೋಳದ ಗಂಜಿ ಬಿಟ್ಟರೆ ಏನೂ ಇಲ್ಲವೆಂದು ತೋರಿಸಿದರು. ಅದು ನಿಜವಾಗಿತ್ತು. ಸಂಘದ ವಕೀಲರು ತಮ್ಮ ಬಣ್ಣಗಳೆಲ್ಲ ಪರವಾನಗಿ ಇರುವಂಥವೇ ಎಂದು ತೋರಿಸಿದರು. ಅದೂ ನಿಜವೇ. ಅಧಿಕಾರಿಗಳು ಬೇಸತ್ತು, "ಹಾಗಾದರೆ ತಪ್ಪು ಯಾರದು?" ಎಂದರು.

ಕುಮುದಾ ನೆರಳು ಕೆರೆಯಿಂದ ಬಿಚ್ಚಿ ತಂದ ಮೂರು ಗಾಜಿನ ಗೂಡುಗಳನ್ನು ಮೇಜಿನ ಮೇಲಿಟ್ಟಳು. ಒಂದರಲ್ಲಿ ಬಣ್ಣದ ಮನೆಗಳ ನೀರಷ್ಟೇ ಸೇರಿದ ಕೆರೆ, ಕೆಂಪಗೆ. ಇನ್ನೊಂದರಲ್ಲಿ ಗಿರಣಿಯ ನೀರಷ್ಟೇ ಸೇರಿದ್ದು, ಹಾಲು ಒಡೆದಂತೆ. ಮೂರನೆಯದರಲ್ಲಿ ಎರಡೂ.

"ಸಾಹೇಬರಿಗೆ ನೀರಡಿಕಿ ಆಗಿದ್ರ ಇವುಗಳೊಳಗ ಯಾವುದನ್ನ ಕುಡೀತೀರಿ?"

ಅಧಿಕಾರಿ ನಗುತ್ತ ಮೂರನೆಯದರತ್ತ ಬೆರಳು ಮಾಡಿದರು. ಮಹಾರುದ್ರಪ್ಪ ಹಿಂದಿನ ಸಾಲಿನಿಂದ ಎದ್ದು ಬಂದರು.

"ಅದನ್ನ ನನ್ನ ಹೆಂಡ್ತಿ ಕುಡದ್ಲು ಸಾಹೇಬ್ರ. ಸಾಯೂದು ತಪ್ಪಿದ್ದು ಈ ಡಾಕ್ಟರ ಪುಣ್ಯಾ. ನಮ್ಮ ಪಾಲು ನಾವು ಒಪ್ಪಿವಿ. ಗಿರಣಿಯವ್ರು ತಮ್ಮ ಪಾಲು ಒಪ್ಪಬೇಕು."

ಸಂಘದ ವಕೀಲರು ಅವರ ಅಂಗಿ ಹಿಡಿದು ಎಳೆಯುತ್ತಿದ್ದರು. ಮಹಾರುದ್ರಪ್ಪ ಕೂರಲಿಲ್ಲ.

ಪರಿಹಾರವನ್ನೂ ನೆರಳು ಕೆರೆಯಲ್ಲೇ ಹುಡುಕಿದ್ದರು. ಎರಡೂ ನೀರನ್ನು ಕೆರೆಗೆ ಬಿಡದೆ ಮುಚ್ಚಿದ ತೊಟ್ಟಿಯಲ್ಲಿ ಸೇರಿಸಿ ಅಣು ಕತ್ತರಿಸಲು ಬಿಡುವುದು. ಆಮೇಲೆ ಎರಡನೆಯ ತೊಟ್ಟಿಯಲ್ಲಿ ಜೋರಾಗಿ ಗಾಳಿ ಊದುವುದು. ಗಾಳಿಯಲ್ಲಿ ಬದುಕುವ ಬೇರೆ ಜಾತಿಯ ಜೀವಾಣುಗಳು ಅಮೈನನ್ನೂ ತಿಂದು ಮುಗಿಸುತ್ತವೆ ಎಂದು ಸಿಕ್ವೇರಾ ತೋರಿಸಿದರು. ತೊಟ್ಟಿಗಳನ್ನು ಗಿರಣಿ ಮತ್ತು ಸಂಘ ಕೂಡಿಯೇ ಕಟ್ಟಬೇಕು. ಅಲ್ಲಿಯವರೆಗೆ ಗಿರಣಿ ನೀರು ಕೆರೆಗೆ ಬರಬಾರದು, ಕೆರೆಯ ನೀರನ್ನು ಯಾರೂ ಕುಡಿಯಬಾರದು. ಅಧಿಕಾರಿಗಳು ಆದೇಶ ಹೊರಡಿಸಿದರು. ಮಂತ್ರಿಗಳ ಕಾರ್ಯಕ್ರಮ ರದ್ದಾಯಿತು.

ಅಸಲು ಕಷ್ಟ ಶುರುವಾದದ್ದು ಆಮೇಲೆ. ಗಿರಣಿಯ ನೀರು ನಿಂತ ಕೆಲವೇ ವಾರಗಳಲ್ಲಿ ತಳದ ಜೀವಾಣುಗಳಿಗೆ ಕೂಳು ತಪ್ಪಿ, ಕೆರೆ ಮತ್ತೆ ಕೆಂಪಾಗತೊಡಗಿತು. ಊರು ಕುಮುದಾಳ ಮೇಲೆ ತಿರುಗಿಬಿತ್ತು. ಟ್ಯಾಂಕರಿನ ಮುಂದೆ ಕೊಡಗಳ ಸಾಲು ಹಚ್ಚಿದ ಹೆಂಗಸೊಬ್ಬಳು ಅವಳ ಮುಖಕ್ಕೇ ಕೂಗಿದಳು: "ಕನ್ನಡಿಯಂಥ ಕೆರಿ ಇತ್ತಲ್ಲೇ ತಾಯಿ, ಹೊಲಸ ಮಾಡಿ ಇಟ್ಟಿ!"

"ಕೆಂಪ ಇದ್ದಾಗ ಕಣ್ಣಿಗೆ ಕಾಣತೈತಿ, ಯಾರೂ ಕುಡಿಯೂದಿಲ್ಲವ್ವ. ತಿಳಿ ಇದ್ದಾಗ ಕಾಣಲಿಲ್ಲ, ಕುಡದ್ರಿ" ಎಂದು ಕುಮುದಾ ಪ್ರತಿಯೊಬ್ಬರಿಗೂ ಹೇಳಿದಳು. ಕೇಳಿದವರು ಕಡಿಮೆ. ಆದರೂ ಅವಳು ಬೆಳಿಗ್ಗೆ ಟ್ಯಾಂಕರು ಬರುವ ಹೊತ್ತಿಗೆ ತಪ್ಪದೆ ಬಂದು ನಿಲ್ಲುತ್ತಿದ್ದಳು; ಬೈಗಳು ತಿಂದು, ಉತ್ತರ ಕೊಟ್ಟು, ಕೇಂದ್ರಕ್ಕೆ ಹೋಗುತ್ತಿದ್ದಳು. ಒಂದು ದಿನ ಮಹಾರುದ್ರಪ್ಪ ಬಂದು ಟ್ಯಾಂಕರಿನ ಪೈಪು ಹಿಡಿದು ಕೊಡ ತುಂಬಿಸತೊಡಗಿದರು. ಅಂದಿನಿಂದ ಬೈಯುವವರ ದನಿ ತಗ್ಗಿತು.

ತೊಟ್ಟಿಗಳು ಎದ್ದವು. ಗಾಳಿಯ ಯಂತ್ರಗಳು ಗುಂಯ್ ಎನ್ನತೊಡಗಿದವು. ಬೇಸಿಗೆ ಕಳೆದು ಮಳೆ ಬಿದ್ದು ಕೆರೆಯ ಕೆಂಪು ತೆಳುವಾಯಿತು. ಒಂದು ಮಧ್ಯಾಹ್ನ ಪುರಸಭೆಯ ಎಂಜಿನಿಯರು ಫೈಲು ಹಿಡಿದು ಮತ್ತೆ ಗೋದಾಮಿಗೆ ಬಂದರು.

"ಮೇಡಂ, ಈಗಾದರೂ ರುಜು ಆಗಲಿ. ಮೇಲಿನವ್ರು ದಿನಾ ಫೋನ್ ಮಾಡಾಕತ್ತಾರ."

ಕುಮುದಾ ಮೂವರನ್ನೂ ಕರೆದಳು. ನೀರಿನಲ್ಲಿ ಬಣ್ಣವೂ ಇಲ್ಲ, ಬಣ್ಣದ ತುಂಡುಗಳೂ ಇಲ್ಲ ಎಂದು ತನ್ನದನ್ನು ಹೇಳಿದಳು. ಕೆಸರಿನ ಜೀವಗಳು ಮೊದಲಿನ ಹದಕ್ಕೆ ಬಂದಿವೆ ಎಂದರು ಸಿಕ್ವೇರಾ. ಹೊಸದಾಗಿ ನೀಲಿ ತುಟಿಯವರು ಯಾರೂ ಬಂದಿಲ್ಲ ಎಂದರು ನದಾಫರು. ಎಂಜಿನಿಯರು ಪೆನ್ನಿನ ಮುಚ್ಚಳ ತೆಗೆದು ಮುಂದೆ ಹಿಡಿದರು.

"ನಂದು ಆಗಿಲ್ರಿ" ಎಂದಳು ರೇಣುಕಾ. "ಅಂಬಿಗರ ಓಣ್ಯಾಗ ನೀರಷ್ಟ ಅಲ್ಲ, ಕೆರಿ ಮೀನು ತಿಂತಾರ. ಅದೂ ಕೆಸರಿನ್ಯಾಗ ಹೂಳಕೊಂಡು ಇರೂ ಮೀನು. ಅವರ ರಕ್ತ ಇನ್ನೂ ಯಾರೂ ನೋಡಿಲ್ಲ."

"ಒಂದು ಓಣಿ ಸಲುವಾಗಿ ಊರ ತಡೀಬೇಕೇನ್ರಿ?" ಎಂಜಿನಿಯರು ಕುಮುದಾಳ ಕಡೆ ತಿರುಗಿದರು. "ಮೂರು ಮಂದಿ ಒಪ್ಪೀರಲ್ಲ ಮೇಡಂ."

"ನಾಲ್ಕು ಮಂದಿ ಒಪ್ಪಬೇಕು" ಎಂದಳು ಕುಮುದಾ. "ಹೋದ ಸಲ ನೀರನ್ನ ನಾ ಒಬ್ಬಾಕಿನ ನೋಡಿದ್ದೆ. ಹಂಗ ಮತ್ತೊಮ್ಮೆ ಆಗಬಾರ್ದು."

"ನಾ ಮೇಲಿನವ್ರಿಗೆ ಏನ ಹೇಳಲ್ರಿ?"

"ನಾ ಬರದು ಕೊಡ್ತೀನ್ರಿ. ನೀವು ಬೈಸಿಕೊಳ್ಳೂದು ಬ್ಯಾಡ."

ಅವಳು ಫೈಲನ್ನು ಮಡಚಿ ಎಂಜಿನಿಯರ ಕೈಗೆ ಕೊಟ್ಟಳು. ನದಾಫರು ಸೂಜಿ ಮತ್ತು ಸೀಸೆಗಳ ಚೀಲ ಹೆಗಲಿಗೇರಿಸಿದರು, ಸಿಕ್ವೇರಾ ಕೆಸರು ತುಂಬುವ ಡಬ್ಬಿ ತೆಗೆದುಕೊಂಡರು. ರೇಣುಕಾ ಅದಾಗಲೇ ಬಾಗಿಲಾಚೆ ಇದ್ದಳು.

ಊರಿನ ನಲ್ಲಿಗಳಿಗೆ ಕೆರೆಯ ನೀರು ಹರಿಯಲು ಇನ್ನೊಂದು ವರ್ಷ ಹಿಡಿಯಿತು. ಆಗ ಪೆಂಡಾಲು ಇರಲಿಲ್ಲ, ಭಾಷಣಗಳೂ ಇರಲಿಲ್ಲ. ಆದರೆ ಆ ಮಧ್ಯಾಹ್ನ ಅದು ಯಾವುದೂ ಅವರಿಗೆ ಗೊತ್ತಿರಲಿಲ್ಲ. ಅಂಬಿಗರ ಓಣಿಯ ಮೊದಲ ಮನೆಯ ಕಟ್ಟೆಯ ಮೇಲೆ ಬಲೆ ಹೆಣೆಯುತ್ತಿದ್ದ ಮುದುಕಿ ನಾಲ್ವರನ್ನೂ ಮೇಲಿನಿಂದ ಕೆಳಗೆ ನೋಡಿ, "ನಮ್ಮ ಮನಿಗೆ ಯಾರೂ ಬರೂದಿಲ್ಲ, ಏನ್ ಬೇಕಿತ್ರಿ?" ಎಂದಳು. ಕುಮುದಾ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಅವಳ ಪಕ್ಕ ಕೂತಳು. "ಯವ್ವಾ, ನೀವು ದಿನಾ ಏನು ಉಣ್ತೀರಿ ಹೇಳ್ರಿ" ಎಂದು ಕೇಳಿದಳು.